ಮಾಥೇರಾನಿನ ಕೆಂಪು ಮಣ್ಣು

ಮುಂಬಯಿ ಕಡೆಯ ಕನ್ನಡಿಗರಿಗೆ ರಜೆ ಎಂದರೆ ಊರು; ಊರಿಗೆ ರಜೆ ಸಾಲದಿದ್ದರೆ ಮನೆಯೇ ಗತಿ. ಕಳವಾದ ನಾವು ಎರಡು ಸಂಸಾರ ಸೇರಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದೇವೆ. ಬುತ್ತಿ ಕಟ್ಟಿಕೊಂಡು, ಬಾಡಿಗೆ ಕಾರಿನಲ್ಲಿ ನಸುಕಿಗೇ ಹೊರಟು, ನೇರಳ್ ಮಾರ್ಗವಾಗಿ ಮಾಥೇರಾನ್ ಸೇರುವುದು.

ದಸ್ತೂರಿಯಿಂದ ಮುಂದೆ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ. 1907ರಿಂದ ಓಡುತ್ತಿರುವ ಪುಟ್ಟ ರೈಲಿನ ಹಳಿಯ ಮಗ್ಗುಲಲ್ಲೇ ನಡಿಗೆ. ಸುಮಾರು 800 ಮೀಟರ್ ಎತ್ತರದಿಂದ ಕಾಣುವ ಕಣಿವೆಯ ನೋಟಕ್ಕೆ ದಣಿವೆಲ್ಲ ಮಾಯ.

"ಅಪ್ಪಾ, ಇದು ಅಜ್ಜಿ ಮನೆಯ ಮಣ್ಣಿನ ಹಾಗೇ ಇದೆಯಲ್ಲ!" ಎಂದಳು ಮಗಳು, ಕೆಂಪಾದ ಕಾಲು ನೋಡಿಕೊಂಡು.

ಹೌದು, ಅದೇ ಮುರಕಲ್ಲಿನ ಮಣ್ಣು. ಇಲ್ಲಿ ಅಡಿಯಲ್ಲಿರುವುದು ಲಾವಾ ತಣಿದು ಆದ ಕರಿಗಲ್ಲು. ಉಡುಪಿ ಕಡೆಯ ನಮ್ಮೂರಿನದು ಅದಕ್ಕಿಂತ ಎಷ್ಟೋ ಹಳೆಯ, ಬೇರೆಯೇ ಕಲ್ಲು. ಎರಡರ ಮೇಲೂ ಯುಗಯುಗಾಂತರ ಮಳೆ ಸುರಿದು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣದ ಕೆಂಪು ಉಳಿಯಿತು.

ಇದನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲೇ ವಿವರಿಸಿದೆವು. ಇಲ್ಲೇ ಹುಟ್ಟಿದ ಅವರಿಗೆ ಊರೆಂದರೆ ನೆಂಟರ ಮನೆ. ಅಂದು ಮಾತ್ರ ದಾರಿಯುದ್ದಕ್ಕೂ "ನಮ್ಮೂರಲ್ಲಿ, ನಮ್ಮೂರಲ್ಲಿ" ಎಂದೇ ಮಾತು.

ಮಳೆಗಾಲದಲ್ಲಿ ಕಣಿವೆಯ ಅಂಚು ಜಾರುತ್ತದೆ, ಜೋಕೆ. ಮಳೆ ನಿಂತ ಮೇಲೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ; ಅವರು ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರಿಸಿರಿ.