ಬಂಟ್ವಾಳ ಪೇಟೆ ಹೊಳೆಗೆ ಬೆನ್ನು ಮಾಡಿದ ಬಗೆ

ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ನೇತ್ರಾವತಿಯ ಬಲದಂಡೆಯ ಮೇಲೆ, ಪಂಜೆ ಮಂಗೇಶರಾಯರ ಜನ್ಮಸ್ಥಳವೆಂದು ಕನ್ನಡಿಗರು ಬಲ್ಲ ಬಂಟ್ವಾಳವು ಒಂದು ಕಾಲಕ್ಕೆ ಘಟ್ಟಕ್ಕೂ ಕಡಲಿಗೂ ನಡುವಣ ವ್ಯಾಪಾರದ ಹೆಬ್ಬಾಗಿಲಾಗಿತ್ತು. ಚಾರ್ಮಾಡಿಯ ದಾರಿಯಾಗಿ ಎತ್ತಿನ ಗಾಡಿಗಳಲ್ಲಿ ಇಳಿದು ಬರುತ್ತಿದ್ದ ಕಾಫಿ, ಅಡಿಕೆ, ಅಕ್ಕಿಗಳು ಇಲ್ಲಿ ದೋಣಿಯೇರಿ ಮಂಗಳೂರಿನ ಬಂದರಿಗೆ ಹೋಗುವುದೂ, ಅಲ್ಲಿಂದ ಉಪ್ಪು, ಒಣಮೀನು, ಸೀಮೆಎಣ್ಣೆಗಳು ಅದೇ ದೋಣಿಗಳಲ್ಲಿ ಮರಳಿ ಬರುವುದೂ ನಮ್ಮ ಅಜ್ಜಂದಿರ ಕಾಲದ ನಿತ್ಯಕ್ರಮವಾಗಿದ್ದುದರಿಂದ, ಅಂಗಡಿಗಳ ಮುಂಬಾಗಿಲು ಬೀದಿಯ ಕಡೆಗಿದ್ದರೂ ಅವುಗಳ ನಿಜವಾದ ಮುಖವು ಹೊಳೆಯ ಕಡೆಗೇ ಇತ್ತು.

ಹೊಳೆಯನ್ನು ನಂಬಿ ಬದುಕುವವರು ಹೊಳೆಗೆ ಅಂಜಿಯೂ ಬದುಕಬೇಕಾಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ನೇತ್ರಾವತಿಯು ಘಟ್ಟದ ಮಳೆಯನ್ನೆಲ್ಲ ಹೊತ್ತು ತರುವಳಾದಕಾರಣ, ನಮ್ಮಲ್ಲಿ ತುಂತುರು ಮಾತ್ರ ಬೀಳುತ್ತಿರುವಾಗಲೂ ನೀರು ಏರುವುದುಂಟು. 1923ರ ಆಗಸ್ಟ್ ತಿಂಗಳಿನಲ್ಲಿ ಬಂದು ದಂಡೆಯ ಊರುಗಳನ್ನು ಧ್ವಂಸಮಾಡಿದ ಮಹಾಪ್ರವಾಹಕ್ಕೆ ತುಳುವರು ‘ಮಾರಿಬೊಳ್ಳ’ವೆಂದು ಹೆಸರಿಟ್ಟರು. ಅದನ್ನು ಕಂಡ ಹಿರಿಯರು ಕಲಿತ ಪಾಠವು ಅವರ ಅಂಗಡಿಗಳ ಕಟ್ಟೋಣದಲ್ಲಿಯೇ ಕಾಣುತ್ತಿತ್ತು. ನಮ್ಮ ಜೀನಸಿನ ಅಂಗಡಿಯ ಒಳಕೋಣೆಗೆ ಹಲಸಿನ ತೊಲೆಗಳ ಮೇಲೆ ಭದ್ರವಾದ ಅಟ್ಟವಿತ್ತು. ಆ ಅಟ್ಟಕ್ಕೆ ಮೂಟೆಗಳನ್ನೆಳೆಯಲು ರಾಟೆಯೂ ಹಗ್ಗವೂ ಇದ್ದುವು. ಗೋಡೆಯ ಮೇಲೆ ಮಾರಿಬೊಳ್ಳದ ಮಟ್ಟವನ್ನು ತೋರಿಸುವ ಒಂದು ಗೆರೆಯನ್ನು ಅಜ್ಜನವರು ಉಳಿಯಿಂದ ಕೆತ್ತಿಸಿದ್ದರು. ಸುಣ್ಣ ಬಳಿಯುವ ಆಳುಗಳಿಗೆ ಆ ಗೆರೆಯನ್ನು ಮುಚ್ಚಕೂಡದೆಂಬ ಕಟ್ಟಪ್ಪಣೆಯಿತ್ತು.

1974ರ ಜುಲೈ ತಿಂಗಳ ಕೊನೆಯ ವಾರ, ಆಟಿಯ ಮಳೆ ಹಗಲಿರುಳೂ ಬಿಡದೆ ಸುರಿಯುತ್ತಿತ್ತು. ಸರಕು ಸಾಗಿಸುವ ದೋಣಿಗಳು ಅಷ್ಟರಲ್ಲಿಯೇ ವಿರಳವಾಗಿದ್ದರೂ ಕಡವಿನಲ್ಲಿ ಇನ್ನೂ ದೋಣಿ ನಡೆಸುತ್ತಿದ್ದ ಬ್ಯಾರಿಗಳೊಬ್ಬರು ಆ ಸಂಜೆ ಅಂಗಡಿಗೆ ಬಂದು, ಕೊಡೆಯನ್ನು ಮಡಚುವುದಕ್ಕೂ ನಿಲ್ಲದೆ, “ಧಣಿಗಳೇ, ನೀರಿನ ಬಣ್ಣ ಬದಲಾಗಿದೆ, ಬುಡಸಮೇತ ಮರಗಳು ಬರುತ್ತಿವೆ, ಇವತ್ತು ರಾತ್ರಿ ನಿದ್ದೆ ಮಾಡಬೇಡಿ” ಎಂದು ಹೇಳಿಹೋದರು. ತಂದೆಯವರು ಮರುಮಾತಾಡದೆ ದೀಪ ಹಚ್ಚಿಸಿ ರಾಟೆಗೆ ಹಗ್ಗ ಹಾಕಿಸಿದರು. ಯಾವುದನ್ನು ಮೊದಲು ಏರಿಸಬೇಕೆಂಬುದಕ್ಕೂ ಒಂದು ಕ್ರಮವಿತ್ತು: ಕರಗಿಹೋಗುವ ಉಪ್ಪು, ಸಕ್ಕರೆ, ಬೆಲ್ಲಗಳು ಮೊದಲು, ಬಳಿಕ ಅಡಿಕೆ, ಆಮೇಲೆ ಅಕ್ಕಿ, ಎಣ್ಣೆಯ ಡಬ್ಬಗಳು ತೇಲಿದರೂ ಸಿಕ್ಕುವುವಾದ್ದರಿಂದ ಅವು ಕಟ್ಟಕಡೆಗೆ.

ನಡುರಾತ್ರಿ ನೀರು ಬಂದುದು, ನಾನು ಎದುರುನೋಡುತ್ತಿದ್ದ ಬೀದಿಯ ಬಾಗಿಲಿನಿಂದಲ್ಲ. ಹಿತ್ತಿಲ ಕಡೆಯ ಬಚ್ಚಲಿನ ತೂಬಿನಿಂದ, ಸದ್ದಿಲ್ಲದೆ, ಕಾಫಿಯ ಬಣ್ಣದ ಒಂದು ಮಡುವಾಗಿ ಮೇಲೆದ್ದಿತು. ಬೆಳಗಾಗುವುದರೊಳಗೆ ಬಾಗಿಲ ದಾರಂದದ ಮೇಲ್ಭಾಗವು ಮುಳುಗಿತು. ನಾವು ಅಟ್ಟವನ್ನೇರಿ, ಮಾಡಿನ ಹಂಚುಗಳನ್ನು ಸರಿಸಿ ತಲೆ ಹೊರಗಿಟ್ಟಾಗ, ರಥ ಎಳೆಯುವ ಬೀದಿಯಲ್ಲಿ ದೋಣಿಗಳು ಓಡಾಡುತ್ತಿದ್ದುವು. ಹಿಂದಿನ ಸಂಜೆ ಎಚ್ಚರಿಸಿದ ಆ ಬ್ಯಾರಿಗಳೇ ನಮ್ಮ ಓಣಿಯ ಹೆಂಗಸರನ್ನೂ ಮಕ್ಕಳನ್ನೂ ಮಾಡಿನಿಂದಿಳಿಸಿಕೊಂಡು ಗುಡ್ಡದ ಮೇಲಿನ ಮನೆಗಳಿಗೆ ಮುಟ್ಟಿಸಿದರು. ಅಲ್ಲಿ ಯಾರು ಯಾವ ಜಾತಿಯೆಂದು ಕೇಳದೆ ಒಂದೇ ಹಂಡೆಯ ಗಂಜಿಯನ್ನು ಬಡಿಸಿದರು. ಪ್ರವಾಹವು ಅಜ್ಜನವರ ಗೆರೆಗೆ ತುಸು ಕೆಳಗೆ ನಿಂತಿತು.

ಇಳಿದ ನೀರಿಗಿಂತ ಅದು ಬಿಟ್ಟುಹೋದ ಕೆಸರೇ ಹೆಚ್ಚು ಕಷ್ಟವನ್ನು ತಂದಿತು. ಅಟ್ಟ ಸೇರದೆ ಉಳಿದ ಅಡಿಕೆಯನ್ನು ಒಣಗಿಸಲು ಬಿಸಿಲಿಲ್ಲದೆ, ಒಲೆಯ ಮೇಲೆ ತಟ್ಟಿ ಕಟ್ಟಿ ಹೊಗೆಗೆ ಒಡ್ಡಿದರೂ ಅದಕ್ಕೆ ಬೂಸುರು ಹಿಡಿಯಿತು. ಖಾತೆಯ ಪುಸ್ತಕಗಳಲ್ಲಿ ಶಾಯಿಯೆಲ್ಲ ಹರಡಿ, ಹಳ್ಳಿಯ ಗಿರಾಕಿಗಳ ಬಾಕಿಯ ಲೆಕ್ಕವು ನೀಲಿಯ ಕಲೆಗಳಾಗಿ ಹೋಗಿತ್ತು. ತಂದೆಯವರು ಹೊಸ ಪುಸ್ತಕವೊಂದನ್ನು ಹೊಲಿಸಿ, ಬಂದವರು ತಾವಾಗಿ ಹೇಳಿದ ಮೊತ್ತವನ್ನು ಅವರೆದುರಿಗೇ ಬರೆದುಕೊಂಡರು. ಹೇಳಿದವರೂ ಇದ್ದರು, ಆ ಬೀದಿಯಲ್ಲಿ ಮತ್ತೆ ಮುಖ ತೋರಿಸದವರೂ ಇದ್ದರು.

ಪೇಟೆಯನ್ನು ಬದಲಾಯಿಸಿದ್ದು ಆ ಒಂದು ನೆರೆಯೇ ಎಂದರೆ ಅತಿಶಯೋಕ್ತಿಯಾದೀತು. ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಸೇತುವೆಯಾದಂದಿನಿಂದಲೂ, ಲಾರಿಗಳು ಘಟ್ಟ ಇಳಿದಂದಿನಿಂದಲೂ ದೋಣಿಯ ವ್ಯಾಪಾರವು ಸೊರಗುತ್ತಲೇ ಬಂದಿತ್ತು. 1979ರಲ್ಲಿ ಮಂಗಳೂರು–ಹಾಸನ ರೈಲುದಾರಿಯೂ ಪೂರ್ಣಗೊಂಡಿತು. ಆದರೆ ಹೋಗಲೋ ಇರಲೋ ಎಂದು ಅನುಮಾನಿಸುತ್ತಿದ್ದವರ ಮನಸ್ಸನ್ನು ಗಟ್ಟಿಮಾಡಿದ್ದು ಆ ಕೆಸರು. ಒಬ್ಬೊಬ್ಬರಾಗಿ ವರ್ತಕರು ಹೆದ್ದಾರಿಯ ಬದಿಯ ಬಿ.ಸಿ.ರೋಡಿಗೆ ತೆರಳಿದರು, ಕಚೇರಿಗಳೂ ಬಸ್ಸುಗಳೂ ಅಲ್ಲಿಯೇ ನೆಲೆಗೊಂಡುವು, ನಾಲ್ಕು ರಸ್ತೆ ಕೂಡುವ ಜಾಗವು ಊರಾಗಿ, ಊರಾಗಿದ್ದುದು ಹಳೆಯ ಪೇಟೆಯಾಯಿತು. ನಮ್ಮ ಅಂಗಡಿಯೂ ಹೋಯಿತು. ಅಲ್ಲಿ ತಾರಸಿಯಿತ್ತು, ಅಟ್ಟವಿರಲಿಲ್ಲ.

ಹೊಳೆಯಿಂದ ದೂರ ಸರಿದವರಿಗೆ ಹೊಳೆಯ ವಿದ್ಯೆಯೂ ಮರೆತುಹೋಗುತ್ತದೆ. 2019ರ ಆಗಸ್ಟಿನಲ್ಲಿ ನೇತ್ರಾವತಿಯು 8.5 ಮೀಟರಿನ ಅಪಾಯದ ಮಟ್ಟವನ್ನು ದಾಟಿ ಆಲಡ್ಕ, ಬಡ್ಡಕಟ್ಟೆಗಳ ಕಡೆಗೆ ನುಗ್ಗಿದಾಗ, ಗಂಟೆಗಂಟೆಗೂ ನೀರಿನ ಮಟ್ಟವು ಎಲ್ಲರ ಮೊಬೈಲಿಗೂ ಬರುತ್ತಿತ್ತು. ಆದರೂ ಆ ಅಂಕಿಯಿಂದ ತಮ್ಮ ಮನೆಯ ಯಾವ ಮೆಟ್ಟಿಲಿಗೆ ನೀರು ಬಂದೀತೆಂದು ಹೇಳಬಲ್ಲವರು ಹೆಚ್ಚು ಮಂದಿ ಇರಲಿಲ್ಲ. ಹಿಂದೆ ನೆರೆನೀರು ಹರಡಿ ನಿಲ್ಲುತ್ತಿದ್ದ ತಗ್ಗಿನ ಗದ್ದೆಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನೀರು ಈಗ ನೆರೆಮನೆಯ ಅಂಗಳವನ್ನು ಹುಡುಕಿಕೊಂಡು ಹೋಗುತ್ತದೆ.

ದೋಣಿಯ ಕಾಲವು ಮರಳಿ ಬರಲೆಂದು ನಾನು ಹಂಬಲಿಸುವವನಲ್ಲ. ಅದರ ದುಡಿಮೆಯ ಕಷ್ಟವನ್ನು ಬಲ್ಲವರು ಯಾರೂ ಹಾಗೆ ಹಂಬಲಿಸಲಾರರು. ನನ್ನ ವಿನಂತಿಯು ಬಹಳ ಚಿಕ್ಕದು. 1923ರ, 1974ರ, 2019ರ ನೀರಿನ ಮಟ್ಟವನ್ನು ಹೊಳೆಬದಿಯ ಪ್ರತಿಯೊಂದು ಓಣಿಯಲ್ಲಿಯೂ ಒಂದು ಕಲ್ಲಿನ ಮೇಲೆ ಗುರುತಿಸಿ ನಿಲ್ಲಿಸಬೇಕು. ಹೊಸಮನೆಯ ಪಂಚಾಂಗ ಹಾಕುವವರು ಆ ಕಲ್ಲನ್ನು ನೋಡಿ ಹಾಕಬೇಕು. ತಗ್ಗಿನ ಗದ್ದೆಗೆ ಮಣ್ಣು ತುಂಬಿಸಲು ಪರವಾನಗಿ ಕೊಡುವವರು ಸಹಿಮಾಡುವ ಮೊದಲು ಆಟಿಯಲ್ಲೊಮ್ಮೆ ಆ ಜಾಗಕ್ಕೆ ಹೋಗಿ ನಿಂತು ಬರಬೇಕು. ಇಷ್ಟಕ್ಕೆ ದೊಡ್ಡ ಯೋಜನೆಯೂ ಬೇಡ, ಹೆಚ್ಚು ಹಣವೂ ಬೇಡ.