ಸತ್ಯಾನಾಶಿ: ಒಂದೇ ಹೆಸರಿನ ಎರಡು ಗಿಡ

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ವಸಂತ್ ಕುಂಜ್‌ನಲ್ಲಿ ಓಡಾಡಿದರೆ ಖಾಲಿ ಸೈಟು, ಮಹಿಪಾಲಪುರದ ಕಡೆ ಹೋಗುವ ರಸ್ತೆಯ ಬದಿ, ಅರಾವಳಿ ಬಂಡೆಗಳ ಅಂಚು, ಎಲ್ಲ ಕಡೆ ಹಳದಿ ಹೂವಿನ ಮುಳ್ಳುಗಿಡವೊಂದು ಕಾಣಿಸುತ್ತದೆ. ನಮ್ಮೂರ ಕಡೆ ಇದು ಅರಿಸಿನ ದತ್ತೂರಿ. ದಿಲ್ಲಿಯವರಿಗೆ ‘ಸತ್ಯಾನಾಶಿ’. ಹೆಸರಲ್ಲಿ ದತ್ತೂರಿ ಇದ್ದರೂ ಉಮ್ಮತ್ತಿಗೂ ಇದಕ್ಕೂ ನಂಟಿಲ್ಲ. ಇದು ಗಸಗಸೆಯ ಕುಟುಂಬದ್ದು. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ನಿದ್ದೆ ಹೊಡೆಯುವ ನಮಗೆ ಪರಿಚಿತ ಮನೆತನವೇ. ತವರು ಮಾತ್ರ ಮೆಕ್ಸಿಕೋ. ನಮ್ಮ ಹಾಗೆ ಇದೂ ವಲಸೆ ಬಂದದ್ದು.

ವಾಕಿಂಗ್ ಹೋಗುವವರು ಸ್ವಲ್ಪ ನಿಂತು ನೋಡಿದರೆ ಹೂಗಳೆಲ್ಲ ಒಂದೇ ಹಳದಿಯಲ್ಲ ಎಂದು ತಿಳಿಯುತ್ತದೆ. ಕೆಲವು ಅರಿಸಿನದಂತೆ ಗಾಢ, ಕೆಲವು ಕೆನೆಯಂತೆ ತಿಳಿ. ಗಾಢ ಹೂವಿನದು ಆರ್ಜಿಮೋನ್ ಮೆಕ್ಸಿಕಾನ. ತಿಳಿ ಹೂವಿನದು ಬಹುಮಟ್ಟಿಗೆ ಆರ್ಜಿಮೋನ್ ಓಕ್ರೊಲ್ಯೂಕ. ಎರಡೂ ವಾರ್ಷಿಕ ಗಿಡಗಳೇ. ಎರಡನ್ನೂ ಮುರಿದರೆ ಹಳದಿ ಹಾಲು ಒಸರುತ್ತದೆ.

ಆದರೆ ಬಣ್ಣವನ್ನೇ ನಂಬುವಂತಿಲ್ಲ. ಬಿಸಿಲಿಗೆ ಬಾಡಿದ ಹೂವು ಬಣ್ಣ ಕಳೆದುಕೊಳ್ಳುತ್ತದೆ. ಮೊಗ್ಗು ನೋಡಿ: ಮೆಕ್ಸಿಕಾನದ್ದು ಹೆಚ್ಚುಕಡಿಮೆ ದುಂಡಗೆ, ಓಕ್ರೊಲ್ಯೂಕದ್ದು ಉದ್ದುದ್ದ. ಹೂವಿನ ನಡುವಿನ ಶಲಾಕಾಗ್ರ ನೋಡಿ: ಮೆಕ್ಸಿಕಾನದಲ್ಲಿ ಅದು ಅಂಡಾಶಯದ ಮೇಲೇ ಕೂತಂತಿರುತ್ತದೆ, ಓಕ್ರೊಲ್ಯೂಕದಲ್ಲಿ ಚಿಕ್ಕದೊಂದು ಕತ್ತು ಕಾಣುತ್ತದೆ. ಎಲೆಯೂ ಸುಳಿವು ಕೊಡುತ್ತದೆ. ಓಕ್ರೊಲ್ಯೂಕದ್ದು ಹೆಚ್ಚು ಸೀಳಿ, ಹೆಚ್ಚು ನೀಲಿ-ಬೂದು. ಒಳಗಿನ ಲೆಕ್ಕವೂ ಬೇರೆ: ಮೆಕ್ಸಿಕಾನದಲ್ಲಿ 28 ವರ್ಣತಂತುಗಳು, ಓಕ್ರೊಲ್ಯೂಕದಲ್ಲಿ 56.

ಇಷ್ಟೆಲ್ಲ ಯಾಕೆ ಅಂದರೆ, ದಿಲ್ಲಿಗೆ ಈ ಗಿಡದ ಜೊತೆ ಕಹಿ ನೆನಪಿದೆ. 1998ರ ಆಗಸ್ಟ್‌ನಲ್ಲಿ ಇಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಕಾಯಿಲೆ ಬಿದ್ದರು. ಬೀಜದಲ್ಲಿರುವ ಸ್ಯಾಂಗ್ವಿನರೀನ್ ಎಂಬ ವಿಷ ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. ಮೊದಲು ಕಾಲು ಊದುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ, ಕೊನೆಗೆ ಹೃದಯ ಸೋಲುತ್ತದೆ.

ಸಾಸಿವೆ ಹೊಲದಲ್ಲೂ ಈ ಕಳೆ ಬೆಳೆಯುತ್ತದೆ, ಕೊಯ್ಲಿನ ಹೊತ್ತಿಗೇ ಬೀಜವೂ ಮಾಗುತ್ತದೆ. ಒಂದೊಂದು ಕಾಯಲ್ಲಿ ನೂರಾರು ಕಪ್ಪು ಬೀಜ, ಗಾತ್ರವೂ ಸಾಸಿವೆಯಷ್ಟೇ. ಆದರೆ ಬಿಳಿ ಕಾಗದದ ಮೇಲೆ ಹರವಿ ಭೂತಗನ್ನಡಿ ಹಿಡಿದರೆ ಗುಟ್ಟು ಬಯಲು: ಸಾಸಿವೆ ಬರಿಗಣ್ಣಿಗೆ ನುಣುಪು ಅನಿಸುತ್ತದೆ, ಆರ್ಜಿಮೋನ್ ಬೀಜದ ಮೈಮೇಲೆ ಬಲೆಯಂಥ ಗುಳಿಗಳಿರುತ್ತವೆ. ಬೆರೆಸುವವನಿಗೆ ಗಿಡ ಯಾವುದಾದರೂ ಒಂದೇ. ತಿನ್ನುವ ನಮಗೆ ಎರಡೂ ವಿಷವೇ.

ಕಡಲೆಕಾಯಿ ಎಣ್ಣೆಯ ಊರಿಂದ ಬಂದ ನಾವು ಇಲ್ಲಿ ಚಳಿಗಾಲಕ್ಕೆ ಸಾಸಿವೆ ಎಣ್ಣೆ ರೂಢಿಸಿಕೊಂಡಿದ್ದೇವೆ. ಬಿಡಿ ಎಣ್ಣೆ ಬೇಡ. ಸೀಲ್ ಇರುವ, ಲೈಸೆನ್ಸ್ ನಂಬರ್ ಇರುವ ಡಬ್ಬಿಯನ್ನೇ ಕೊಳ್ಳಿ. ಗಿಡವನ್ನು ಮಾತ್ರ ದೂರದಿಂದಲೇ ನೋಡಿ, ಮಕ್ಕಳಿಗೂ ತೋರಿಸಿ. ಮೊಗ್ಗು ದುಂಡೋ ಉದ್ದವೋ ಎಂದು ಅವರೇ ಹೇಳಲಿ.