ಮಂಡಿನೋವೂ ಬೋಪಣ್ಣನೂ

ಪಿರಿಯಾಪಟ್ಟಣದ ನಮ್ಮ ಮನೆಗೆ ಮೂರು ಮೆಟ್ಟಿಲು. ಹೋದ ವರ್ಷ ಮಂಡಿನೋವು ಹೆಚ್ಚಾದಾಗ ಅದನ್ನು ಇಳಿಯುವುದನ್ನೇ ಬಿಟ್ಟೆ. ಬ್ಯಾಂಕಿನ ಕುರ್ಚಿಯಲ್ಲಿ ಮೂವತ್ತೈದು ವರ್ಷ ಕೂತವನಿಗೆ ಮನೆಯಲ್ಲಿ ಕೂರುವುದು ಕಷ್ಟವೇ?

ಏಳನೇ ತರಗತಿಯ ಮೊಮ್ಮಗಳು ಬಿಡಲಿಲ್ಲ. "ತಾತ, ರೋಹನ್ ಬೋಪಣ್ಣಂಗೂ ಮಂಡಿನೋವೇ ಇತ್ತು" ಅಂದಳು.

ಬೋಪಣ್ಣ ನಮ್ಮ ಪಕ್ಕದ ಕೊಡಗಿನವರು, ಕಾಫಿ ಬೆಳೆಗಾರರ ಮಗ. ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. 2021ರಲ್ಲಿ ಸಾಲುಸಾಲಾಗಿ ಸೋತು, ಆಟವೇ ಸಾಕು ಎನ್ನುವಷ್ಟು ಬೇಸತ್ತಿದ್ದರಂತೆ. ಕೈಹಿಡಿದದ್ದು ಅಯ್ಯಂಗಾರ್ ಯೋಗ. ಅದನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಕಡೆಯ ಬೆಳ್ಳೂರಿನವರು, ಯೋಗ ಕಲಿತದ್ದು ನಮ್ಮ ಮೈಸೂರಿನಲ್ಲೇ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಗ ವಯಸ್ಸು 43. ಪುರುಷರ ಡಬಲ್ಸ್‌ನಲ್ಲಿ ಅವರಿಗೆ ಅದೇ ಮೊದಲ ಗ್ರ್ಯಾಂಡ್ ಸ್ಲಾಮ್. ಅಷ್ಟು ವಯಸ್ಸಿಗೆ ಪುರುಷರ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದವರು ಅದಕ್ಕೆ ಮುಂಚೆ ಯಾರೂ ಇಲ್ಲ.

"43ಕ್ಕೂ 74ಕ್ಕೂ ಲೆಕ್ಕ ಬೇರೆ ಕಣಮ್ಮ" ಅಂದೆ.

"ನೀನೇನು ಮೆಲ್ಬರ್ನಿಗೆ ಹೋಗ್ಬೇಕಾ ತಾತ? ಇರೋದು ಮೂರೇ ಮೆಟ್ಲು."

ಗೋಡೆ ಹಿಡಿದು ಇಳಿದೆ. ಎರಡನೆಯದರಲ್ಲಿ ಸ್ವಲ್ಪ ಹೊತ್ತು ನಿಂತೆ. ಈಗ ಸಂಜೆ ಬಸ್ ಸ್ಟ್ಯಾಂಡಿನ ತನಕ ಹೋಗಿಬರುತ್ತೇನೆ. ಮೆಟ್ಟಿಲು ಹತ್ತುವಾಗ ಮಾತ್ರ ಅವಳ ಭುಜ ಬೇಕು.